ಕೆರೆಯ ಗಾಳ, ಕಡಲ ಗಾಳ: ತುಮಕೂರಿನ ಹವ್ಯಾಸಿಗಳು ಆರಿಸಿಕೊಳ್ಳುವ ಬಗೆ

ತುಮಕೂರು ಸೀಮೆಯಲ್ಲಿ ಗಾಳ ಹಿಡಿಯುವವರು ಸಾಮಾನ್ಯವಾಗಿ ಊರ ಕೆರೆಯಲ್ಲೇ ಪಾಠ ಕಲಿಯುತ್ತಾರೆ. ಕೆಲವು ಕಾಲ ಜಿಲೇಬಿ (ತಿಲಾಪಿಯಾ) ಮತ್ತು ಗೆಂಡೆ ಮೀನುಗಳನ್ನು ಹಿಡಿದ ಮೇಲೆ, ಸಿಹಿನೀರಿನಲ್ಲೇ ಮುಂದುವರಿಯಬೇಕೇ ಅಥವಾ ಉಪ್ಪುನೀರಿನತ್ತ ಹೊರಳಬೇಕೇ ಎಂಬ ಪ್ರಶ್ನೆ ಅವರ ಮುಂದೆ ಬರುತ್ತದೆ. ದೊಡ್ಡ ಮೀನಿನ ಚಿತ್ರಗಳನ್ನು ನೋಡಿ ಇದಕ್ಕೆ ಉತ್ತರ ಹುಡುಕುವುದು ಸರಿಯಲ್ಲ. ಕೆರೆಯು ಬೆಂಡಿನ ಮೇಲೆ ಕಣ್ಣಿಟ್ಟು ಕಾಯುವ ತಾಳ್ಮೆಯನ್ನು ಬೇಡಿದರೆ, ಕಡಲು ಗಳಿಗೆಗೊಮ್ಮೆ ಬದಲಾಗುವ ನೀರಿನ ಚಲನೆಯನ್ನು ಓದುವ ಚುರುಕನ್ನು ಬೇಡುತ್ತದೆ. ಇವೆರಡರಲ್ಲಿ ನಿಮ್ಮ ಸ್ವಭಾವಕ್ಕೆ ಯಾವುದು ಒಗ್ಗುತ್ತದೆ ಎಂಬುದನ್ನು ಮೊದಲು ಕಂಡುಕೊಳ್ಳಿ.

ಕೆರೆಯನ್ನು ಪೂರ್ತಿಯಾಗಿ ಅರಿಯದೆ ಅದನ್ನು ಬಿಟ್ಟುಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲ, ರೋಹು, ಮೃಗಾಲ್ ಮೀನುಗಳು ಒಂದೇ ನೀರಿನಲ್ಲಿದ್ದರೂ ಬೇರೆ ಬೇರೆ ಆಳದಲ್ಲಿ ಮೇಯುತ್ತವೆ. ಕಟ್ಲದ ಬಾಯಿ ಮೇಲ್ಮುಖವಾಗಿರುವುದರಿಂದ ಅದು ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರಿನಲ್ಲಿ ಆಹಾರ ಹುಡುಕುತ್ತವೆ. ಆದ್ದರಿಂದ ಬೆಂಡಿನಿಂದ ಕೊಕ್ಕೆಯವರೆಗಿನ ದಾರದ ಉದ್ದವೇ ನೀವು ಯಾವ ಮೀನನ್ನು ಕರೆಯುತ್ತಿದ್ದೀರಿ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಡಲೆಕಾಯಿ ಹಿಂಡಿ, ರಾಗಿಹಿಟ್ಟು ಮತ್ತು ಅಕ್ಕಿತೌಡನ್ನು ಕಲಸಿ ಮಾಡಿದ ಉಂಡೆಯು ಗೆಂಡೆಯ ಜಾತಿಗಳಿಗೆ ಸಾಕು. ಕಟ್ಲಕ್ಕಾಗಿ ಕಲಸುವಾಗ ಅದನ್ನು ನೀರಿನಲ್ಲಿ ಬೇಗ ಉದುರಿ ಮೋಡದಂತೆ ಹರಡುವಷ್ಟು ಸಡಿಲವಾಗಿ ಇರಿಸಬೇಕು. ಜಿಲೇಬಿಗೆ ಎರೆಹುಳುವೇ ಸಾಕು. ಏಳು ಅಡಿಯ ಕೋಲು, 2500 ಅಥವಾ 3000 ಅಳತೆಯ ರೀಲು, 0.30 ಮಿ.ಮೀ. ನೈಲಾನ್ ದಾರ ಇವಿಷ್ಟರಲ್ಲಿ ಕೆರೆಯ ಬಹುಪಾಲು ಕೆಲಸ ನಡೆಯುತ್ತದೆ.

ಸ್ಥಳದ ಆಯ್ಕೆಯಲ್ಲೂ ಕೆರೆಯ ರಚನೆ ತಿಳಿದಿರಬೇಕು. ಏರಿಯ ಬುಡದಲ್ಲಿ ನೀರು ಆಳ, ಹಿನ್ನೀರಿನ ಕಡೆಗೆ ತೆಳು. ಗಾಳಿ ಬೀಸಿ ಅಲೆ ಬಡಿಯುವ ದಡಕ್ಕೆ ತೇಲುವ ಆಹಾರ ಬಂದು ಸೇರುತ್ತದೆಯಾದ್ದರಿಂದ, ಗಾಳಿಗೆ ಬೆನ್ನು ಕೊಟ್ಟು ಸುಖವಾಗಿ ಕೂರುವ ಬದಲು ಮುಖ ಕೊಟ್ಟು ಕೂರುವುದೇ ಲೇಸು. ಪಾಚಿಯಿಂದ ಹಸಿರುಗಟ್ಟಿದ ಕೆರೆಯಲ್ಲಿ ಬೇಸಿಗೆಯ ಮುಂಜಾವಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಅಂತಹ ಕಡೆ ಬಿಸಿಲೇರಿದ ಮೇಲೆ ಗೆಂಡೆಗಳು ಚುರುಕಾಗುತ್ತವೆ. ಜೊಂಡಿನ ಅಂಚಿನಲ್ಲಿ ಹೊಂಚುಹಾಕುವ ಕೊರವ ಮೀನು ಗಾಳಿಯನ್ನೇ ಉಸಿರಾಡಬಲ್ಲುದರಿಂದ ಅದಕ್ಕೆ ಈ ಕಟ್ಟಳೆಯಿಲ್ಲ. ಅದನ್ನು ರಬ್ಬರ್ ಕಪ್ಪೆಯಿಂದ ಹಿಡಿಯುವುದು ಸಿಹಿನೀರಿನ ಅತ್ಯಂತ ಸೊಗಸಾದ ಆಟ, ಮತ್ತು ಕಡಲಿಗೆ ಬೇಕಾಗುವ ಎಸೆಯುವ ಕೈಚಳಕವನ್ನು ಕಲಿಸುವುದೂ ಅದೇ. ಆದರೆ ಮಳೆಗಾಲದಲ್ಲಿ ಕೆಂಬಣ್ಣದ ಮರಿಗಳ ಹಿಂಡು ಮೇಲೇಳುತ್ತಿದ್ದರೆ ಅಲ್ಲಿ ಗಾಳ ಎಸೆಯಬೇಡಿ. ಕೆಳಗೆ ಕಾವಲಿರುವ ತಾಯ್ತಂದೆಯರನ್ನು ತೆಗೆದರೆ ಇಡೀ ಸಂತಾನವೇ ಬೇರೆ ಮೀನುಗಳ ಪಾಲಾಗುತ್ತದೆ.

ಕಟ್ಲ, ರೋಹುಗಳು ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಜಾತಿಗಳಾದ್ದರಿಂದ ನಿಂತ ಕೆರೆಯಲ್ಲಿ ತಾವಾಗಿ ವಂಶ ಬೆಳೆಸುವುದಿಲ್ಲ. ಅಲ್ಲಿರುವುದು ಯಾರೋ ಹಣ ಕೊಟ್ಟು ತಂದು ಬಿಟ್ಟ ಮರಿಗಳ ಬೆಳೆ. ಆದ್ದರಿಂದ ಅಮಾನಿಕೆರೆಯಾಗಲಿ, ಕುಣಿಗಲ್ ದೊಡ್ಡಕೆರೆಯಾಗಲಿ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಾಗಲಿ, ಗಾಳ ಹಾಕುವ ಮೊದಲು ಮೀನುಗಾರಿಕೆ ಇಲಾಖೆಯನ್ನೋ ಗುತ್ತಿಗೆ ಹಿಡಿದವರನ್ನೋ ಕೇಳಿ ಒಪ್ಪಿಗೆ ಪಡೆಯಬೇಕು.

ಕಡಲಿನಲ್ಲಿ ಮರಿ ಬಿಟ್ಟವರಿಲ್ಲ, ಗುತ್ತಿಗೆದಾರರಿಲ್ಲ. ಅಲ್ಲಿ ಉಬ್ಬರವಿಳಿತವೇ ಯಜಮಾನ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತಗಳಿದ್ದು, ಅವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಸೀಸದ ಗುಂಡು ಸೆಳೆತಕ್ಕೆ ಕೊಚ್ಚಿಹೋಗದಂತೆ ನಿಲ್ಲಿಸುವುದನ್ನು ಇನ್ನೂ ಕಲಿಯಬೇಕಾದವರು ಪಂಚಾಂಗ ನೋಡಿ ಅಷ್ಟಮಿಯ ವಾರವನ್ನೇ ಆರಿಸಿಕೊಳ್ಳಲಿ. ನೀರು ನಿಂತ ಹೊತ್ತಿನಲ್ಲಿ ಮೀನು ಮಂದವಾಗುವುದೇ ಹೆಚ್ಚು. ಏರುವ ಅಥವಾ ಇಳಿಯುವ ಹೊತ್ತಿನಲ್ಲಿ ಮರಿಮೀನು, ಸಿಗಡಿಗಳು ಸೆಳೆತಕ್ಕೆ ಸಿಕ್ಕಿ ಬರುವಾಗ ಬೇಟೆಗಾರ ಮೀನುಗಳು ದಡಕ್ಕೆ ಹತ್ತಿರವಾಗುತ್ತವೆ. ಕೆರೆಯವರಿಗೆ ಈ ಲೆಕ್ಕಾಚಾರ ರೂಢಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ.

ಹಾಗಾಗಿ ತುಮಕೂರಿನವರು ನೇರವಾಗಿ ತೆರೆದ ಕಡಲಿಗಾಗಲಿ ಬಂಡೆಗಳಿಗಾಗಲಿ ಹೋಗದೆ, ಮೊದಲು ನದಿ ಕಡಲನ್ನು ಸೇರುವ ಅಳಿವೆಗೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ನಗರದ ನಡುವೆ ಹಾದುಹೋಗುವ ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯನ್ನೇ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿದರೆ, 350 ಕಿ.ಮೀ.ಗೂ ಮಿಗಿಲಾದ ಪಯಣದ ಕೊನೆಗೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಸಿಗುತ್ತದೆ. ಕುಣಿಗಲ್ ಕಡೆಯವರಿಗೆ ಹಾಸನ, ಶಿರಾಡಿ ಘಾಟಿಯ ಮೂಲಕ ಮಂಗಳೂರು ಹತ್ತಿರ. ಅಳಿವೆಯಲ್ಲಿ ನೀರು ಚಲಿಸುತ್ತಿದ್ದರೂ ಅಲೆಯ ಹೊಡೆತವಿಲ್ಲ, ಕೆರೆಯಲ್ಲಿ ಕಲಿತ ಸೂಕ್ಷ್ಮವೂ ವ್ಯರ್ಥವಾಗುವುದಿಲ್ಲ. ಮರಳು ತಳದಲ್ಲಿ ಕಾಣೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಬಳಿ ಕೆಂಬೇರಿ ಮತ್ತು ಬಾರಮುಂಡಿಗಳನ್ನು ಅರಸಬಹುದು. ಬಾರಮುಂಡಿಯ ಕಿವಿರಿನ ಮುಚ್ಚಳ ದಾರವನ್ನು ಕತ್ತರಿಸುವಷ್ಟು ಹರಿತವಾಗಿರುವುದರಿಂದ, ಹೆಣೆದ ದಾರದ ತುದಿಗೆ 40 ಪೌಂಡಿನ ಎಳೆತ ತಡೆಯುವ ದಪ್ಪ ನೈಲಾನ್ ತುಂಡನ್ನು ಕಟ್ಟಿಕೊಳ್ಳಿ. ಎಂಟೊಂಬತ್ತು ಅಡಿಯ ಕೋಲು, 4000 ಅಳತೆಯ ರೀಲು ಇಲ್ಲಿಗೆ ಸರಿ. ಅಂಜಲ್‌ನಂತಹ ಹಲ್ಲಿನ ಮೀನಿಗೆ ದೋಣಿಯಲ್ಲಿ ಹೋಗುವ ದಿನ ಬಂದರೆ ಉಕ್ಕಿನ ತಂತಿಯೇ ಬೇಕು.

ಹೋಗುವ ಕಾಲ ಅಕ್ಟೋಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಅಳಿವೆಯ ತುಂಬ ಕೆಂಪು ಸಿಹಿನೀರು ನುಗ್ಗಿರುತ್ತದೆ, ಕಡಲೂ ಉಗ್ರವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೇ ನಿಷೇಧವಿದೆ. ಯಾವ ಕಾಲದಲ್ಲಾದರೂ ಒದ್ದೆಯಾದ ಬಂಡೆಯ ಮೇಲೆ ನಿಲ್ಲಬೇಡಿ. ಒದ್ದೆಯಾಗಿದೆಯೆಂದರೆ ಅಲೆ ಅಲ್ಲಿಯವರೆಗೆ ಬಂದಿದೆ, ಮತ್ತೆ ಬರುತ್ತದೆ. ತೊರಕೆ ಮೀನಿನ ಬಾಲದ ಮುಳ್ಳಿಗೂ ಕಡಲ ಮೀಸೆಮೀನಿನ ಮುಳ್ಳಿಗೂ ವಿಷವಿದೆ. ಚುಚ್ಚಿದರೆ ಗಾಯವನ್ನು ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ, ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರು ಕೆರೆಗಾಗಿ ಕೊಂಡ ರೀಲನ್ನು ಬಹು ಬೇಗ ಹಾಳುಗೆಡವುತ್ತದೆ. ಅಂದಿನ ಆಟ ಮುಗಿದೊಡನೆ, ತಂಗಿದ ಕಡೆಯಲ್ಲೇ, ಕೋಲಿನ ಉಂಗುರಗಳನ್ನೂ ರೀಲಿನ ಹೊರಮೈಯನ್ನೂ ಸಿಹಿನೀರಿನಿಂದ ಮೆಲ್ಲಗೆ ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡಿ. ಬಳಸಿದ ಕೊಕ್ಕೆಗಳನ್ನು ಹೊಸ ಕೊಕ್ಕೆಗಳ ಪೆಟ್ಟಿಗೆಗೆ ಹಾಕದೆ ಪ್ರತ್ಯೇಕವಾಗಿ ಇಡಿ. ಇಲ್ಲದಿದ್ದರೆ ಊರು ತಲುಪುವಷ್ಟರಲ್ಲಿ ತುಕ್ಕು ಇಡೀ ಪೆಟ್ಟಿಗೆಗೆ ಹರಡಿರುತ್ತದೆ.