ಭೀಮನ ಕವಚ ನನ್ನ ಹೊಟ್ಟೆಗೆ ಹಿಡಿಸಿದ್ದು ಹೀಗೆ

ಊರ ಹಬ್ಬದ ನಾಟಕದಲ್ಲಿ ನನಗೆ ಭೀಮನ ಪಾತ್ರ. ಎದೆಕವಚ ಮೂರು ವರ್ಷದ ಹಿಂದೆ ನಾನೇ 10 ಮಿ.ಮೀ. ಇವಿಎ ಫೋಮಿನಲ್ಲಿ (ಚಪ್ಪಲಿ ಅಟ್ಟೆಯಂಥ ಮೆತ್ತನೆ ಹಾಳೆ) ಮಾಡಿದ್ದು. ಈಗ ನೋಡಿದರೆ ತಲೆ ತೂರಿಸಿ ಕೆಳಗೆಳೆದರೂ ಹೊಟ್ಟೆಯ ಮೇಲೆ ಇಳಿಯುತ್ತಿಲ್ಲ. ಕವಚ ಕುಗ್ಗಲಿಲ್ಲ, ನಾನು ಹಿಗ್ಗಿದ್ದೆ.

ಹೀಟ್ ಗನ್ ಹಿಡಿದು ಬಿಸಿ ಮಾಡಿ ಎಳೆದೆ. ಬಾಗಿತೇ ಹೊರತು ಸಾಕಷ್ಟು ಅಗಲ ಆಗಲಿಲ್ಲ. ಚಿನ್ನದ ಬಣ್ಣವೂ ಬಿರುಕು ಬಿಟ್ಟಿತು. ಸುಮ್ನೆ ಕೆಲಸ ಜಾಸ್ತಿ.

ಕೊನೆಗೆ ಎರಡೂ ಪಕ್ಕದ ಅಂಟು ಕೊಯ್ದು ಎದೆ, ಬೆನ್ನು ಬೇರೆ ಮಾಡಿದೆ. ಅಳತೆ ತೆಗೆದದ್ದು ಕೂತು, ಉಸಿರು ತುಂಬಿಕೊಂಡು. ಭೀಮ ಅಬ್ಬರಿಸಬೇಕಲ್ವಾ! 6 ಮಿ.ಮೀ. ಫೋಮಿನ ಎರಡು ಪಟ್ಟಿಗಳ ಒಂದೊಂದು ಅಂಚನ್ನು ಎದೆಭಾಗದ ಒಳಗೆ ಅಂಟಿಸಿದೆ. ಇನ್ನೊಂದು ಅಂಚು ಬೆನ್ನಿನ ಭಾಗದ ಒಳಗೆ ಜಾರುತ್ತದೆ. 2 ಇಂಚಿನ ಎಲಾಸ್ಟಿಕ್ ಎದೆ, ಬೆನ್ನು ಎರಡನ್ನೂ ಹಿಡಿದಿಡುತ್ತದೆ. ಉಸಿರು ಎಳೆದಷ್ಟೂ ಕವಚ ಹಿಗ್ಗುತ್ತದೆ. ರಬ್ಬರ್ ಅಂಟನ್ನು ಎರಡೂ ಕಡೆ ಸವರಿ, ಹತ್ತು ನಿಮಿಷ ಆರಲು ಬಿಟ್ಟು ಒತ್ತಬೇಕು. ಹಸಿಯಿದ್ದಾಗ ಒತ್ತಿ ಒಂದು ಪಟ್ಟಿ ಕಿತ್ತುಬಂದಿತ್ತು. ಕಿಟಕಿ ತೆಗೆದಿಡಿ, ವಾಸನೆ ತಲೆಗೇರುತ್ತದೆ.

ಭುಜದ ಪಟ್ಟಿ ಮರೆತಿದ್ದೆ. ಹೊಟ್ಟೆ ದೊಡ್ಡದಾದರೆ ಅದನ್ನೂ ಉದ್ದ ಮಾಡಬೇಕು, ಇಲ್ಲದಿದ್ದರೆ ಕವಚ ಗದ್ದಕ್ಕೆ ತಾಗುತ್ತದೆ. ವೆಲ್ಕ್ರೋ ಹಾಕಿದೆ. ಹೊಸ ಪಟ್ಟಿಗಳಿಗೆ ಚರ್ಮದ ಕಂದು ಬಣ್ಣ ಬಳಿದೆ. ನಿನ್ನೆ ತಾಲೀಮಿನಲ್ಲಿ ಗದೆ ಎತ್ತಿದೆ, ಏನೂ ಕಿತ್ತುಬರಲಿಲ್ಲ.