ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ: ಲೇಸರ್ ಯಾರಿಗೆ, ಟಿಯುಆರ್‌ಪಿ ಯಾರಿಗೆ?

ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕೆ ತಡೆಯಾದಾಗ, ಕೆಲವರಲ್ಲಿ ಆ ಬೆಳೆದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ. ಮೂತ್ರರೋಗ ಶಸ್ತ್ರಚಿಕಿತ್ಸಕನಾಗಿ ನನ್ನ ಕೈ ಪಳಗಿದ್ದು ಅದನ್ನು ವಿದ್ಯುತ್ ತಂತಿಯಿಂದ ಹೆರೆದು ತೆಗೆಯುವ ಟಿಯುಆರ್‌ಪಿಯಲ್ಲಿ. ಹೋಲ್ಮಿಯಂ ಲೇಸರ್‌ನಿಂದ ಗ್ರಂಥಿಯನ್ನು ಬಿಡಿಸುವ ಹೋಲೆಪ್ ವಿಧಾನವನ್ನು ಕಲಿತದ್ದು ಆಮೇಲೆ. ಈಗ ಎರಡನ್ನೂ ಮಾಡುತ್ತೇನೆ. ನನ್ನ ಬಳಿ ಬರುವ ಹಿರಿಯರಲ್ಲಿ ಹಲವರು “ಕೊಯ್ಯುವುದು ಬೇಡ ಡಾಕ್ಟರೇ, ಲೇಸರ್‌ನಲ್ಲೇ ಮಾಡಿಬಿಡಿ” ಎನ್ನುತ್ತಾರೆ. ಎರಡರಲ್ಲೂ ಹೊಟ್ಟೆಯ ಮೇಲೆ ಗಾಯವಾಗುವುದಿಲ್ಲ, ಎರಡರಲ್ಲೂ ಉಪಕರಣ ಮೂತ್ರನಾಳದ ಮೂಲಕವೇ ಒಳಹೋಗುತ್ತದೆ ಎಂಬುದನ್ನು ಅವರಿಗೆ ಮೊದಲು ವಿವರಿಸುತ್ತೇನೆ.

ಟಿಯುಆರ್‌ಪಿಯಲ್ಲಿ ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯನ್ನು ಒಳಗಿನಿಂದ ಹೊರಕ್ಕೆ ಚೂರುಚೂರಾಗಿ ಹೆರೆಯುತ್ತೇವೆ. ಆಗ ಒಳಗನ್ನು ತೊಳೆಯುತ್ತಿರಲು ಹಳೆಯ ಮೊನೊಪೋಲಾರ್ ಯಂತ್ರದಲ್ಲಿ ಸಲೈನ್ (ಉಪ್ಪುನೀರು) ಬಳಸುವಂತಿರಲಿಲ್ಲ, ಸಾಮಾನ್ಯವಾಗಿ ಶೇ 1.5ರ ಗ್ಲೈಸಿನ್ ದ್ರಾವಣವನ್ನು ಹರಿಸುತ್ತಿದ್ದೆವು. ಕೊಯ್ದ ರಕ್ತನಾಳಗಳ ಮೂಲಕ ಅದು ಹೆಚ್ಚಾಗಿ ದೇಹವನ್ನು ಸೇರಿದರೆ ಸೋಡಿಯಂ ಕುಸಿದು ವಾಂತಿ, ಕಣ್ಣು ಮಂಜಾಗುವುದು, ಬುದ್ಧಿಭ್ರಮಣೆ ಕಾಣಿಸಿಕೊಳ್ಳುತ್ತಿದ್ದವು. ಒಂದು ಗಂಟೆಯೊಳಗೆ ಮುಗಿಸಬೇಕೆಂದು ಗುರುಗಳು ಪಟ್ಟು ಹಿಡಿಯುತ್ತಿದ್ದುದೂ, ಬೆನ್ನಿಗೆ ಅರಿವಳಿಕೆ ಪಡೆದು ಎಚ್ಚರವಾಗಿರುವ ರೋಗಿಯನ್ನು ನಡುನಡುವೆ ಮಾತನಾಡಿಸುತ್ತಿದ್ದುದೂ ಇದೇ ಕಾರಣಕ್ಕೆ. ಬೈಪೋಲಾರ್ ಯಂತ್ರದಲ್ಲಿ ಸಲೈನನ್ನೇ ಬಳಸುವುದರಿಂದ ಆ ಅಪಾಯ ಬಹುಮಟ್ಟಿಗೆ ನೀಗಿದೆ. ಹಾಗಾಗಿ 30ರಿಂದ 80 ಗ್ರಾಂವರೆಗಿನ ಗ್ರಂಥಿಯಿದ್ದು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸದವರಿಗೆ ನಾನು ಈಗಲೂ ಬೈಪೋಲಾರ್ ಟಿಯುಆರ್‌ಪಿಯನ್ನು ನಿಶ್ಚಿಂತೆಯಿಂದ ಸೂಚಿಸುತ್ತೇನೆ. ಮೂತ್ರದ ಹರಿವು ಟಿಯುಆರ್‌ಪಿ, ಹೋಲೆಪ್ ಎರಡರಲ್ಲೂ ಚೆನ್ನಾಗಿಯೇ ಸುಧಾರಿಸುತ್ತದೆ. ಇಂಥ ರೋಗಿ ಲೇಸರ್‌ಗೆಂದು ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ದೊಡ್ಡ ಗ್ರಂಥಿಯ ವಿಷಯ ಬೇರೆ. 100 ಗ್ರಾಂ ಮೀರಿದ ಗ್ರಂಥಿಗೆ ಹಿಂದೆ ಹೊಟ್ಟೆ ತೆರೆಯುವುದೇ ರೂಢಿಯಾಗಿತ್ತು. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ದುಡಿದು ಇಂಗ್ಲೆಂಡಿಗೆ ಮರಳಿದ್ದ ಪೀಟರ್ ಫ್ರೇಯರ್, ಮೂತ್ರಕೋಶವನ್ನು ತೆರೆದು ಬೆಳೆದ ಭಾಗವನ್ನು ಬೆರಳಿನಿಂದಲೇ ಬಿಡಿಸಿ ತೆಗೆಯುವ ವಿಧಾನವನ್ನು 1901ರಲ್ಲಿ ಪ್ರಕಟಿಸಿದರು. ಗ್ರಂಥಿಯ ಬೆಳೆದ ಭಾಗಕ್ಕೂ ಅದರ ಹೊರಕವಚಕ್ಕೂ ನಡುವೆ ಸಹಜವಾದ ಒಂದು ಪದರವಿದೆ, ಬೆರಳು ಆ ಪದರದಲ್ಲೇ ಸಾಗುತ್ತದೆ. ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಹೋಲೆಪ್ ಇದೇ ಪದರವನ್ನು ಮೂತ್ರನಾಳದ ಒಳಗಿನಿಂದ ಹುಡುಕುತ್ತದೆ. ಹೋಲ್ಮಿಯಂ ಕಿರಣ ಅಂಗಾಂಶದಲ್ಲಿ ಸುಮಾರು 0.4 ಮಿಲಿಮೀಟರ್ ಆಳಕ್ಕಷ್ಟೇ ಇಳಿಯುವುದರಿಂದ, ಸುತ್ತಲಿನ ಭಾಗವನ್ನು ಹೆಚ್ಚು ಸುಡದೆ ರಕ್ತನಾಳಗಳನ್ನು ಒಂದೊಂದಾಗಿ ಮುಚ್ಚುತ್ತ ಮುಂದುವರಿಯಬಹುದು. ಬಿಡಿಸಿದ ಭಾಗವನ್ನು ಮೂತ್ರಕೋಶಕ್ಕೆ ತಳ್ಳಿ, ಮಾರ್ಸಲೇಟರ್‌ನಿಂದ ಪುಡಿಮಾಡಿ ಹೊರತೆಗೆಯುತ್ತೇವೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ನಿಲ್ಲಿಸಲಾಗದ ಹಿರಿಯರಿಗೆ, ಹೃದ್ರೋಗ ತಜ್ಞರೊಡನೆ ಚರ್ಚಿಸಿದ ಮೇಲೆ, ನಾನು ಆರಿಸಿಕೊಳ್ಳುವುದು ಇದನ್ನೇ. ರಕ್ತಸ್ರಾವ ಕಡಿಮೆ, ಮೂತ್ರ ಹೊರಹೋಗಲು ಹಾಕಿದ ಕೊಳವೆಯನ್ನು (ಕ್ಯಾತಿಟರ್) ಹೆಚ್ಚಾಗಿ ಮರುದಿನವೇ ತೆಗೆಯುತ್ತೇನೆ.

ಆದರೆ ಹೋಲೆಪ್ ಸುಲಭಕ್ಕೆ ಕೈಗೆ ಹತ್ತುವುದಿಲ್ಲ. ಪದರ ತಪ್ಪಿದರೆ ಕವಚ ತೂತಾಗಬಹುದು. ಮಾರ್ಸಲೇಟರ್ ಹಿಡಿದಾಗ ಮೂತ್ರಕೋಶ ಚೆನ್ನಾಗಿ ತುಂಬಿರದಿದ್ದರೆ ಅದರ ಗೋಡೆಯೇ ಬ್ಲೇಡಿಗೆ ಸಿಗಬಹುದು. ಗ್ರಂಥಿಯ ಕೆಳತುದಿಯಲ್ಲಿ ಜಗ್ಗಾಟ ಹೆಚ್ಚಾದರೆ ಮೂತ್ರವನ್ನು ಹಿಡಿದಿಡುವ ಸ್ನಾಯು ಸೊರಗುತ್ತದೆ. ಕೆಮ್ಮಿದಾಗ, ಎದ್ದು ನಿಂತಾಗ ಕೆಲವು ವಾರ ಮೂತ್ರ ಸೋರುವುದು ಹೋಲೆಪ್‌ನ ನಂತರ ಅಪರೂಪವಲ್ಲ. ಬಹುತೇಕರಲ್ಲಿ ಅದು ತಾನೇ ಹತೋಟಿಗೆ ಬರುತ್ತದೆಯಾದರೂ ಮುಂಚೆಯೇ ತಿಳಿಸದಿದ್ದರೆ ರೋಗಿ ಕಂಗಾಲಾಗುತ್ತಾರೆ. ಆದ್ದರಿಂದ ಯಂತ್ರ ಯಾವುದೆಂದು ಕೇಳುವವರಿಗೆ, ಆ ವಿಧಾನದಲ್ಲಿ ವೈದ್ಯರಿಗೆ ಎಷ್ಟು ಅನುಭವವಿದೆ ಎಂಬುದನ್ನೂ ಕೇಳಿ ಎನ್ನುತ್ತೇನೆ. ನನ್ನನ್ನೂ ಹಾಗೆಯೇ ಕೇಳಲಿ.

ಎಲ್ಲ ಲೇಸರ್‌ಗಳೂ ಒಂದೇ ಅಲ್ಲ. ಹಸಿರು ಬೆಳಕಿನ ಲೇಸರ್ ಅಂಗಾಂಶವನ್ನು ಆವಿಯಾಗಿಸುವುದರಿಂದ ಬಯಾಪ್ಸಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಟಿಯುಆರ್‌ಪಿ, ಹೋಲೆಪ್ ಎರಡರಲ್ಲೂ ತೆಗೆದ ತುಣುಕುಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ಬಚ್ಚಿಟ್ಟುಕೊಂಡಿದ್ದ ಕ್ಯಾನ್ಸರ್ ಕೆಲವೊಮ್ಮೆ ಅಲ್ಲಿ ಪತ್ತೆಯಾಗುತ್ತದೆ.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಎರಡೂ ವಿಧಾನಗಳ ನಂತರ ಹೆಚ್ಚಿನವರಲ್ಲಿ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹಿಂದಿರುಗುತ್ತದೆ. ಲೇಸರ್ ಇದನ್ನು ತಪ್ಪಿಸುವುದಿಲ್ಲ. ನಿಮಿರುವಿಕೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ, ಆದರೆ ಮಕ್ಕಳನ್ನು ಬಯಸುವವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಇದು ಗೊತ್ತಿರಬೇಕು.

ಗ್ರಂಥಿಯ ಹೊರಪದರ ಎರಡರಲ್ಲೂ ಉಳಿದಿರುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಪ್ರಾಸ್ಟೇಟ್ ಪ್ರೋಟೀನ್ ಪಿಎಸ್‌ಎ, ಹೋಲೆಪ್‌ನ ನಂತರ ಬಹಳ ಕೆಳಗಿಳಿಯುವುದರಿಂದ, ಕೆಲವು ತಿಂಗಳು ಬಿಟ್ಟು ಪರೀಕ್ಷಿಸಿ ಬಂದ ಅಂಕಿಯನ್ನೇ ಹೊಸ ಆಧಾರವಾಗಿ ಬರೆದಿಡುತ್ತೇನೆ. ಮುಂದೆ ಅದು ಏರುತ್ತ ಹೋದರೆ, ಪ್ರಯೋಗಾಲಯದ ಚೀಟಿಯಲ್ಲಿ “ಸಾಮಾನ್ಯ ಮಿತಿ” ಎಂದಿದ್ದರೂ ತಕ್ಷಣ ಬಂದು ಕಾಣುವಂತೆ ರೋಗಿಗೂ ಮನೆಯವರಿಗೂ ತಿಳಿಸಿ ಕಳಿಸುತ್ತೇನೆ.