ಕರಗದೆ ಬದಲಾದ ಕಲ್ಲು: ದುರ್ಗದ ಹಸಿರು ಕಲ್ಲನ್ನು ತೇಯ್ದು ನೋಡಿದ ಅನುಭವ

ಹೈಸ್ಕೂಲು ಮಕ್ಕಳಿಗೆ ಶಿಲೆಗಳ ಪಾಠ ಮಾಡುವಾಗ ಅಗ್ನಿಶಿಲೆ ಸುಲಭ, ಕಣಶಿಲೆಯೂ ಸುಲಭ. ರೂಪಾಂತರ ಶಿಲೆಗೆ ಬಂದ ತಕ್ಷಣ ಎಲ್ಲರೂ ಒಂದೇ ವಾಕ್ಯ ಒಪ್ಪಿಸುತ್ತಾರೆ: ‘ಶಾಖ ಮತ್ತು ಒತ್ತಡದಿಂದ ಉಂಟಾದದ್ದು.’ ಶಾಖ ತಗುಲಿದರೆ ಕಲ್ಲು ಏನಾಗುತ್ತೆ ಅಂತ ಕೇಳಿದರೆ ‘ಕರಗುತ್ತೆ ಸಾರ್’ ಅನ್ನುತ್ತಾರೆ. ಕರಗಿದರೆ ಅದು ಮತ್ತೆ ಅಗ್ನಿಶಿಲೆಯೇ ಆಯ್ತಲ್ವಾ? ಕಲ್ಲು ಗಟ್ಟಿಯಾಗಿದ್ದ ಹಾಗೇ ಅದರೊಳಗಿನ ಖನಿಜಗಳು ಬದಲಾಗುವುದೇ ರೂಪಾಂತರ. ಇದನ್ನು ಬೋರ್ಡಿನ ಮೇಲೆ ಬರೆದು ನಂಬಿಸುವುದು ಕಷ್ಟ. ಕಲ್ಲನ್ನೇ ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ತೋರಿಸಿದರೆ ಹೇಗೆ ಅಂತ ಈ ಕೆಲಸಕ್ಕೆ ಕೈಹಾಕಿದೆ.

ಚಿತ್ರದುರ್ಗದಲ್ಲಿ ನೀರಿಗೆ ಬರ ಇದ್ದೀತು, ಕಲ್ಲಿಗಿಲ್ಲ. ಕೋಟೆಯ ಬಂಡೆಗಳು ಗ್ರಾನೈಟ್. ಅದು ಕರಗಿದ್ದು ತಣಿದು ಗಟ್ಟಿಯಾದ ಕಲ್ಲು. ನನಗೆ ಬೇಕಾಗಿದ್ದು ಅದಲ್ಲ, ಅದರ ಪಕ್ಕದ ಹಸಿರು ಕಲ್ಲು. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೂ ಹಬ್ಬಿರುವ ಚಿತ್ರದುರ್ಗ ಶಿಸ್ಟ್ ಪಟ್ಟಿಯಲ್ಲಿ ಈ ಕಲ್ಲು ಧಾರಾಳವಾಗಿದೆ. ಶಿಸ್ಟ್ ಅಂದರೆ ಪದರ ಪದರವಾಗಿ ಸೀಳುವ ರೂಪಾಂತರ ಶಿಲೆ. ಬೋರ್ ಕೊರೆಸುವಾಗ ಬೂದು ಮಿಶ್ರಿತ ಹಸಿರು ಪುಡಿ ಮೇಲೆ ಬರುತ್ತಲ್ಲ, ಅದೇ ಇದು.

ಹಿರಿಯೂರು ಕಡೆಯ ಮಾರಡಿಹಳ್ಳಿಯ ದಿಂಬು ಲಾವಾ ಕೂಡ ಇದೇ ಪಟ್ಟಿಯದು. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಉಕ್ಕಿದ ಲಾವಾ, ತಣ್ಣೀರು ತಾಗಿ ಉಂಡೆಯುಂಡೆಯಾಗಿ ಗಟ್ಟಿಯಾಗಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಯವಿಟ್ಟು ಅಲ್ಲಿಗೆ ಸುತ್ತಿಗೆ ಹಿಡಿದು ಹೋಗಬೇಡಿ. ನಾನು ಚೂರು ಆರಿಸಿಕೊಂಡಿದ್ದು ಪರಿಚಯದವರ ಹೊಲದಲ್ಲಿ, ಬಾವಿ ತೋಡಿ ಗುಡ್ಡೆ ಹಾಕಿದ್ದ ಕಲ್ಲಿನಲ್ಲಿ.

ಮೊದಲ ಕೊಯ್ತ ಗ್ರಾನೈಟ್ ಅಂಗಡಿಯಲ್ಲಿ. ‘ಅಡುಗೆಕಟ್ಟೆಗೂ ಬರಲ್ಲ, ಮೆಟ್ಟಿಲಿಗೂ ಬರಲ್ಲ, ಏನ್ ಮಾಡ್ತೀರಿ ಮೇಷ್ಟ್ರೇ ಇದನ್ನ?’ ಅಂತ ನಗುತ್ತಲೇ ಅಲ್ಲಿಯವರು ಬಿಸ್ಕತ್ತಿನ ದಪ್ಪಕ್ಕೆ ಕೊಯ್ದುಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಮುಂದಿನದೆಲ್ಲ ಮನೆಯ ಹಿತ್ತಲಲ್ಲಿ. ದಪ್ಪ ಗಾಜಿನ ಮೇಲೆ ಕಾರ್ಬೋರಂಡಂ ಪುಡಿ, ಸ್ವಲ್ಪ ನೀರು. ಮೊದಲು 220 ನಂಬರಿನ ಪುಡಿ, ಆಮೇಲೆ 400, ಕೊನೆಗೆ 600. ನಂಬರು ಏರಿದಷ್ಟೂ ಪುಡಿ ಸಣ್ಣ. ಪುಡಿ ಬದಲಿಸುವ ಮುಂಚೆ ಕಲ್ಲು, ಗಾಜು, ಕೈ, ಉಗುರಿನ ಸಂದಿ ಎಲ್ಲ ತೊಳೆಯಬೇಕು. ಒಂದೇ ಒಂದು ದಪ್ಪ ಕಣ ಉಳಿದರೂ ಗೀರು ಬೀಳುತ್ತೆ. ಒಣ ಕಲ್ಲನ್ನಂತೂ ತೇಯಲೇಬಾರದು, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ನುಣುಪಾದ ಮುಖವನ್ನು ಗಾಜಿನ ಸ್ಲೈಡಿಗೆ ಅರಾಲ್ಡೈಟ್ ಹಾಕಿ ಅಂಟಿಸಿ, ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಿ, ಪೂರ್ತಿ ಒಣಗಲು ಬಿಟ್ಟೆ. ಆಮೇಲೆ ಇನ್ನೊಂದು ಮುಖದಿಂದ ತೇಯುವುದು. ಗುರಿ 0.03 ಮಿಲಿಮೀಟರ್. ಅಷ್ಟು ತೆಳುವನ್ನು ಮನೆಯಲ್ಲಿ ಅಳೆಯುವುದು ಹೇಗೆ? ಅದನ್ನು ಕಲ್ಲೇ ಹೇಳುತ್ತೆ. ಕೆಟ್ಟುಹೋದ ಕ್ಯಾಲ್ಕ್ಯುಲೇಟರಿನ ಪರದೆಯ ಮೇಲಿನ ಪೋಲರಾಯ್ಡ್ ಹಾಳೆಯನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಎರಡು ತುಂಡು ಮಾಡಿ, ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಮೇಲೆ ಅಡ್ಡಡ್ಡ ಇಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಲ್ಲು ಇನ್ನೂ ದಪ್ಪ ಇದ್ದರೆ ಬೆಣಚು, ಅಂದರೆ ಕ್ವಾರ್ಟ್ಸ್, ಹಳದಿ, ಕಿತ್ತಳೆ ಬಣ್ಣ ತೋರಿಸುತ್ತೆ. ಸರಿಯಾದ ತೆಳುವಿಗೆ ಬಂದಾಗ ಬೂದು, ಬಿಳಿ. ಬೂದು ಬಂತೋ, ಕೈ ನಿಲ್ಲಿಸಬೇಕು.

ಈಗ ನೋಡಿ, ಲಾವಾ ತಣಿದಾಗ ಇರಬೇಕಾದ ಮೂಲ ಖನಿಜಗಳು ಹೆಚ್ಚುಕಡಿಮೆ ಮಾಯ. ಅವುಗಳ ಜಾಗದಲ್ಲಿ ತಿಳಿಹಸಿರು ಎಸಳುಗಳು. ಅದು ಕ್ಲೋರೈಟ್, ಕಲ್ಲಿಗೆ ಬಣ್ಣ ಕೊಟ್ಟಿದ್ದೇ ಅದು. ಸ್ಲೈಡ್ ತಿರುಗಿಸಿದರೆ ಕೆಲವು ಎಸಳು ಶಾಯಿ ನೀಲಿಗೆ ತಿರುಗುತ್ತವೆ. ನಡುವೆ ಎಪಿಡೋಟ್ ಅನ್ನುವ ಇನ್ನೊಂದು ಖನಿಜದ ಕಾಳುಗಳು. ಕ್ಲೋರೈಟ್ ಆಗಬೇಕಾದರೆ ನೀರು ಬೇಕು. ಕಾದ ಕಲ್ಲಿನ ಸಂದಿಗಳಲ್ಲಿ ಓಡಾಡುವ ನೀರಿಲ್ಲದಿದ್ದರೆ ಈ ಬದಲಾವಣೆ ಬಹಳ ನಿಧಾನ, ಕೆಲವೊಮ್ಮೆ ಆಗುವುದೇ ಇಲ್ಲ. ‘ಶಾಖ, ಒತ್ತಡ’ ಅಂತ ಎರಡೇ ಹೇಳಿ ನೀರನ್ನು ಬಿಟ್ಟುಬಿಡುವುದು ನಮ್ಮ ಪಾಠಗಳ ದೊಡ್ಡ ಕೊರತೆ ಅಂತ ನನಗನಿಸುತ್ತೆ.

ಎಷ್ಟು ಶಾಖ? ಇಂಥ ಹಸಿರು ಶಿಸ್ಟ್ ಹುಟ್ಟುವುದು ಸುಮಾರು 300ರಿಂದ 500 ಡಿಗ್ರಿ ಸೆಲ್ಸಿಯಸ್ ಒಳಗೆ. ಭೂಮಿಯೊಳಗೆ ಇಳಿದಂತೆ ಕಿಲೋಮೀಟರಿಗೆ 25-30 ಡಿಗ್ರಿ ಏರುತ್ತೆ ಅಂತ ಹಿಡಿದರೆ, 400 ಡಿಗ್ರಿಗೆ ಸುಮಾರು 15 ಕಿಲೋಮೀಟರ್ ಆಳ. ಅಲ್ಲಿ ಮೇಲಿನ ಕಲ್ಲಿನ ಭಾರ ನಾವು ಸಹಿಸುವ ಗಾಳಿಯ ಒತ್ತಡದ 4000 ಪಟ್ಟಿನಷ್ಟು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆ. ಬಸಾಲ್ಟ್, ಅಂದರೆ ಇಂಥ ಲಾವಾ ತಣಿದು ಆಗುವ ಕಲ್ಲು, ಕರಗಲು 1000 ಡಿಗ್ರಿಯ ಆಸುಪಾಸು ಬೇಕು, ಇದು ಅದರ ಅರ್ಧಕ್ಕೂ ಮುಟ್ಟಿಲ್ಲ.

ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ ಮಾರಡಿಹಳ್ಳಿಯದೇ. ಒಳಗಿನ ಖನಿಜ ಬದಲಾಗಿದೆ, ಹೊರಗಿನ ದಿಂಬಿನ ಆಕಾರ ಹಾಗೇ ಉಳಿದಿದೆ. ಕರಗಿದ್ದರೆ ದಿಂಬು ಎಲ್ಲಿರುತ್ತಿತ್ತು? ಪ್ರವಾಸ ಹೋದಾಗ ಈ ಪ್ರಶ್ನೆ ಕೇಳಿದೆ. ಕರಗುತ್ತೆ ಅಂದಿದ್ದ ಹುಡುಗನೇ ‘ಹಂಗಾದ್ರೆ ಕರಗಿಲ್ಲ ಬಿಡಿ ಸಾರ್’ ಅಂದ.

ಒತ್ತಡದ ಕಥೆ ಬೇರೆ. ಎಲ್ಲ ಕಡೆಯಿಂದ ಸಮವಾಗಿ ಬಿದ್ದರೆ ಕಲ್ಲು ಒತ್ತೊತ್ತಾಗುತ್ತೆ ಅಷ್ಟೇ. ಒಂದು ದಿಕ್ಕಿನಿಂದ ಜಾಸ್ತಿ ಬಿದ್ದಾಗ ಎಸಳುಗಳು ಸಾಲಾಗಿ ಮಲಗುತ್ತವೆ. ಇದಕ್ಕೆ ಮೈದಾ ಹಿಟ್ಟಿನಲ್ಲಿ ಅವಲಕ್ಕಿ ಕಲಸಿ, ಎರಡು ಹಲಗೆ ನಡುವೆ ಅದುಮಿ, ಚಾಕುವಿನಲ್ಲಿ ಅಡ್ಡ ಕೊಯ್ದು ತೋರಿಸಿದೆ. ಅವಲಕ್ಕಿಯೆಲ್ಲ ಹಲಗೆಗೆ ಸಮಾನಾಂತರವಾಗಿ ಒರಗಿತ್ತು. (ದಾವಣಗೆರೆ ಕಡೆಯವರು ಮಂಡಕ್ಕಿ ಹಾಕಬಹುದಾ ಅಂತ ಕೇಳಬೇಡಿ, ಅದು ತಿನ್ನೋಕೆ ಸರಿ. ಇಲ್ಲಿ ಚಪ್ಪಟೆ ಇರೋದೇ ಬೇಕು.) ಆದರೆ ಹಿಟ್ಟು ತೋರಿಸುವುದು ಅರ್ಧ ಮಾತ್ರ. ಕಲ್ಲಿನಲ್ಲಿ ಹಳೆಯ ಎಸಳು ತಿರುಗುವುದರ ಜೊತೆಗೆ ಹೊಸ ಎಸಳುಗಳೂ ಒತ್ತಡಕ್ಕೆ ಅಡ್ಡವಾಗಿಯೇ ಬೆಳೆಯುತ್ತವೆ. ಶಿಸ್ಟ್ ಪದರ ಪದರವಾಗಿ ಸೀಳುವುದು ಅದಕ್ಕೇ. ಸ್ಲೈಡಿಗೆ ಚೂರು ಕೊಯ್ಯಿಸುವಾಗಲೂ ಪದರಕ್ಕೆ ಅಡ್ಡವಾಗಿ ಕೊಯ್ಯಿಸಿ, ಉದ್ದಕ್ಕೆ ಕೊಯ್ದರೆ ಈ ಸಾಲು ಕಾಣುವುದೇ ಇಲ್ಲ.

ಇನ್ನೂ ಜಾಸ್ತಿ ಬೆಂದ ಕಲ್ಲು ಬೇಕಾದರೆ ದಕ್ಷಿಣಕ್ಕೆ ಹೋಗಬೇಕು. ಜೇಡಿಯಿಂದಾದ ಕಲ್ಲಿನಲ್ಲಿ ಶಾಖ ಏರಿದಂತೆ ಕ್ಲೋರೈಟ್, ಕಪ್ಪು ಕಾಗೆಬಂಗಾರ, ಗಾರ್ನೆಟ್, ಕಯನೈಟ್ ಹೀಗೆ ಒಂದಾದ ಮೇಲೊಂದು ಬರುತ್ತವೆ. ಭೂವಿಜ್ಞಾನಿ ಜಾರ್ಜ್ ಬ್ಯಾರೋ 1893ರಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗುರುತಿಸಿದ್ದು ಇಂಥದೇ ಕ್ರಮವನ್ನು. ನಮ್ಮಲ್ಲಿ ಹೊಳೆನರಸೀಪುರದ ಕಡೆ ಕಯನೈಟ್ ಸಿಗುತ್ತೆ. ಅಲ್ಲಿಂದ ತಂದ ಚೂರೊಂದು ಈಗ ಹಿತ್ತಲ ಗಾಜಿನ ಮೇಲಿದೆ. ಅದರಲ್ಲಿರುವ ಗಾರ್ನೆಟ್ ಬಲು ಗಟ್ಟಿ, ಸುತ್ತಲಿನ ಕಾಗೆಬಂಗಾರ ಮೆತ್ತಗೆ. ದಪ್ಪ ಪುಡಿಯಲ್ಲಿ ತೇಯ್ದರೆ ಮೆತ್ತಗಿನದು ಕಿತ್ತುಬಂದು ಗಾರ್ನೆಟ್ ಮಾತ್ರ ಉಳಿಯುತ್ತೆ. ಅದಕ್ಕೇ ಇದನ್ನು ಮೊದಲಿಂದಲೂ 600ರ ಪುಡಿಯಲ್ಲೇ ತೇಯುತ್ತಿದ್ದೇನೆ. ಸಮಯ ಹಿಡಿಯುತ್ತೆ.